ಆರು ನೇರ ಕಾಲಿನ ಚಕ್ರ

ನಮ್ಮ ಗಣಿ ಸಂಘದ ಅಧ್ಯಕ್ಷರಾದ ದೋನ್ ಫೌಸ್ತಿನೊ ಅವರೇ, ಇಂದು ಸನ್ಮಾನ ಪಡೆಯುತ್ತಿರುವ ಇಂಜಿನಿಯರ್ ರೆನೆ ಊರಿಯೋಸ್ತೆ ಅವರೇ, ಎರಕದ ಮನೆಯ ನನ್ನ ಜೊತೆಗಾರರೇ, ಸಭಿಕರೇ,

ಮೊನ್ನೆ ನನಗೆ ಹಲ್ಲು ಉದುರಿದ ಕನಸು ಬಿತ್ತು. ಒಂದೊಂದೇ ಅಂಗೈಗೆ ಬಿದ್ದವು, ನೋವೇ ಇಲ್ಲ. ಅದು ಮನೆಯಲ್ಲಿ ಸಾವಿನ ಸೂಚನೆ ಎಂದು ಒರೂರೊದಲ್ಲಿ ಹುಟ್ಟಿದವರಿಗೆ ಹೇಳಬೇಕಾಗಿಲ್ಲ. ಬೆಳಿಗ್ಗೆ ಮಗ ಎಲಿಯೋನಿಗೆ ಹೇಳಿದರೆ, "ಅಮ್ಮಾ, ನಾನಿನ್ನೂ ಗಣಿಗೆ ಇಳಿದೇ ಇಲ್ಲ, ಈಗ್ಲೇ ಅಳೋಕೆ ಶುರು ಮಾಡ್ಬೇಡ" ಅಂದ. ಸೋಮವಾರ ಇಳಿಯುತ್ತಾನೆ, ಮೊದಲ ಪಾಳಿಯಲ್ಲಿ. ಅವನನ್ನು ಗಣಿಯೊಳಗೆ ಇಳಿಸುವ ಪಂಜರದ ಹಗ್ಗ ಹಾಯುವುದು ಇಗೋ, ಇಲ್ಲಿ ಬಣ್ಣದ ಕಾಗದದ ಮಾಲೆ ಹಾಕಿ ನಿಲ್ಲಿಸಿರುವ ಈ ಹೊಸ ಚಕ್ರದ ಮೇಲೆ.

ಇಂಜಿನಿಯರ್ ಸಾಹೇಬರ ಬಗ್ಗೆ ಎರಡು ಒಳ್ಳೆಯ ಮಾತು ಆಡು ಎಂದು ಕರೆದಿದ್ದಾರೆ. ಆಡುತ್ತೇನೆ. ಶಾಲೆ ಬಿಟ್ಟು, ಮತ್ತೆ ಸೇರಿ, ಮತ್ತೆ ಬಿಟ್ಟು, ಕೊನೆಗೆ ಅಚ್ಚಿನ ಮಣ್ಣು ಹದಮಾಡಲು ಬಂದ ಸತುರ್ನೀನಾ ಕೋಲ್ಕೆ ಎಂಬ ನನಗೆ ಎರಕದ ವಿದ್ಯೆ ಕಲಿಸಿದವರು ಯಾರು? ಇವರೇ. ಇದೇ ಸಭಾಂಗಣದಲ್ಲಿ, ಕರಿಹಲಗೆ ತೂಗುಹಾಕಿ. "ದೋನ್ಯಾ ಸತುಕಾ, ಕರಗಿದ ಕಬ್ಬಿಣ ಆರುವಾಗ ಕುಗ್ಗುತ್ತೆ. ತೆಳ್ಳಗಿರೋದು ಮೊದಲು ಆರುತ್ತೆ, ದಪ್ಪಗಿರೋದು ಕೊನೆಗೆ. ಗಂಡಹೆಂಡಿರ ಹಾಗೆ ಎಳೆದಾಡ್ತವೆ. ಬಳುಕೋಕೆ ಜಾಗ ಕೊಡದಿದ್ರೆ ಬಿರುಕು" ಎಂದಿದ್ದರು. ನಾವೆಲ್ಲ ನಕ್ಕಿದ್ದೆವು.

ಹಾಗಾದರೆ ಚಕ್ರ ಹೇಗಿರಬೇಕು? ನಡುವಿನಿಂದ ಅಂಚಿಗೆ ಚಾಚುವ ಕಾಲುಗಳು ಬೆಸ ಸಂಖ್ಯೆಯಲ್ಲಿರಬೇಕು, ಒಂದರೆದುರು ಒಂದು ನಿಂತು ಜಗ್ಗಾಡಬಾರದು. ಬಾಗಿರಬೇಕು, ಜಗ್ಗಿದರೆ ತುಸು ಬಳುಕಬೇಕು. ನಡುವಿನ ಗುಂಬ ಬೇಕಾದ್ದಕ್ಕಿಂತ ದಪ್ಪಗಿರಬಾರದು. ಕಾಲು ಗುಂಬಕ್ಕೆ ಸೇರುವ ಒಳಮೂಲೆ ದುಂಡಗಿರಬೇಕು. ಜಪಮಾಲೆಯ ಪ್ರಾರ್ಥನೆಯ ಹಾಗೆ ಬಾಯಿಪಾಠ ನನಗೆ.

ಈಗ ಈ ಚಕ್ರ ನೋಡಿ. ಎಷ್ಟು ಕಾಲು? ಆರು. ಬಾಗಿವೆಯೇ? ಇಲ್ಲ, ನೇರ. ಏಕೆ? ಸಂಘದ ಬಾವುಟದ ಚಕ್ರಕ್ಕೆ ಆರು ನೇರ ಕಾಲಿವೆ. "ಐವತ್ತನೇ ವರ್ಷ, ಬಾವುಟದಲ್ಲಿರೋ ಹಾಗೇ ಇರ್ಲಿ" ಎಂದರು ಅಧ್ಯಕ್ಷರು. "ಆಗ್ಲಿ" ಎಂದರು ಇಂಜಿನಿಯರ್. ಬಾವುಟ ಬಟ್ಟೆ, ಸ್ವಾಮಿ. ಕುಗ್ಗಿದರೆ ಇಸ್ತ್ರಿ ಹಾಕಬಹುದು.

ಮೊದಲ ಎರಕ ಸೀಳಿತು. ನಕ್ಷೆ ಬದಲಾಯಿತೇ? ಇಲ್ಲ. ಭೂತಾಯಿ ಪಾಚಮಾಮಾಗೆ ಮದ್ಯ ಎರೆದದ್ದು ಸಾಲದು ಎಂದರು. ಅಚ್ಚು ಕಟ್ಟಿದ ನನ್ನ ಗಂಡ ತೆಯೊದೋಸಿಯೊ ಆ ಮದ್ಯವನ್ನು ಮನಸ್ಸಿಟ್ಟು ಎರೆಯಲಿಲ್ಲ ಎಂದರು. "ನಿನ್ನ ಕೈಗುಣಾನೇ ಸರಿಯಿಲ್ಲ ಕಣಯ್ಯಾ" ಎಂದು ಕೆಲಸ ಬಿಡಿಸಿದರು. ಈಗ ಬಸ್ ನಿಲ್ದಾಣದಲ್ಲಿ ಜೋಳದ ಬಿಸಿ ಪಾನೀಯ ಆಪಿ ಮಾರುತ್ತಾರೆ. ಇಂದಿನ ಸಭೆಗೆ ಅವರಿಗೆ ಕರೆ ಹೋಗಿಲ್ಲ, ಹೋಗಲಿ ಬಿಡಿ. ಎರಡನೆಯ ಎರಕವೂ ಅದೇ ಜಾಗದಲ್ಲಿ ಸೀಳಿತು. ಆಗ ಉಣ್ಣೆಯ ಬಿಳಿ ಯಾಮಾವೊಂದನ್ನು ಹಿಂಡಿನಿಂದ ತಂದು ಬಲಿ ಕೊಟ್ಟೆವು. ನಕ್ಷೆ ಮಾತ್ರ ಅದೇ. ಮೂರನೆಯದೇ ಈ ಚಕ್ರ, ಸೀಳಿದ್ದು ಕಾಣಲಿಲ್ಲ. "ನೋಡಿದ್ಯಾ ಸತುಕಾ, ತಾಯಿ ಒಪ್ಕೊಂಡ್ಳು" ಎಂದರು ದೋನ್ ಫೌಸ್ತಿನೊ.

ನಾನೂ ಪಾಚಮಾಮಾಗೆ ನಡೆದುಕೊಳ್ಳುವವಳೇ. ನೆಲಕ್ಕೆ ಎರೆಯದೆ ಒಂದು ಗುಟುಕು ಕುಡಿದವಳಲ್ಲ. ಆದರೆ ಆ ತಾಯಿ ನಕ್ಷೆ ಬರೆಯುವುದಿಲ್ಲ. ಗೆರೆ ತಪ್ಪೆಳೆದು ಅವಳ ಬಾಯಿಗೆ ಯಾಮಾ ತುರುಕಿದರೆ ಅವಳಾದರೂ ಏನು ಮಾಡಿಯಾಳು?

ಇಂಜಿನಿಯರ್ ಸಾಹೇಬರೇ, ನಿಮಗೆ ತಿಳಿಯದೆ ಆಗಿದ್ದರೆ ನನ್ನ ಬಾಯಿ ಇಷ್ಟು ಕಹಿಯಾಗುತ್ತಿರಲಿಲ್ಲ. ನನ್ನ ಗಂಡನನ್ನು ಎಲ್ಲರೆದುರು ಬೈಯುವಾಗ ನೀವು ಒಂದು ಮಾತು ಆಡಬಹುದಿತ್ತು. ಕನ್ನಡಕ ಒರೆಸುತ್ತಾ ಕೂತಿರಿ. ಅಷ್ಟು ಹೊತ್ತು ಒರೆಸಿದ ಕನ್ನಡಕದಲ್ಲಿ ಏನಾದರೂ ಕಂಡಿತೇ?

ಮಾತು ಉದ್ದವಾಯಿತು, ಅಧ್ಯಕ್ಷರು ಕೆಮ್ಮುತ್ತಿದ್ದಾರೆ. ಪದಕ ಹಾಕಿ, ನಾನೂ ಚಪ್ಪಾಳೆ ತಟ್ಟುತ್ತೇನೆ. ಆದರೆ ಈ ಚಕ್ರ ಅಚ್ಚಿನಿಂದ ಹೊರಬಂದು ಯಾರೂ ಸರಿಯಾಗಿ ನೋಡುವ ಮೊದಲೇ ಸಮಾರಂಭಕ್ಕೆಂದು ಹಸಿರು ಬಣ್ಣ ಬಳಿದರು. ಕೂದಲೆಳೆಯಂಥ ಬಿರುಕು ಬಣ್ಣದಡಿ ಕಾಣುವುದಿಲ್ಲ. ಮೇಲೇರಿಸುವ ಮೊದಲು ಒಳಮೂಲೆಗಳ ಬಣ್ಣ ಕೆರೆಯಿರಿ. ಸೀಮೆಎಣ್ಣೆ ಹಚ್ಚಿ, ಒರೆಸಿ, ಮೇಲೆ ಸುಣ್ಣ ಬಳಿಯಿರಿ. ಬಿರುಕಿದ್ದರೆ ಎಣ್ಣೆ ಒಸರಿ ಗೆರೆ ಮೂಡುತ್ತದೆ. ಮೂಡದಿದ್ದರೆ ಸತುಕಾ ಹುಚ್ಚಿ ಎಂದು ಇದೇ ವೇದಿಕೆಯಿಂದ ಸಾರಿ. ಅದಕ್ಕಿಂತ ದೊಡ್ಡ ಸನ್ಮಾನ ನನಗೆ ಬೇಡ.

ಕೂತು ಕೇಳಿದ ನಿಮ್ಮೆಲ್ಲರಿಗೂ ನಾನು ಋಣಿ. ನಮಸ್ಕಾರ. ಹಾಂ, ಕೆರೆಯುವಾಗ ಮರೆಯಬೇಡಿ: ಅಚ್ಚಿಗೆ ಲೋಹ ಹೊಯ್ದ ಬಾಯಿಗೆ ಎದುರಿನ ಕಾಲು, ಅದರ ಬುಡ. ಮೊದಲೆರಡೂ ಸೀಳಿದ್ದು ಅಲ್ಲೇ. ಅದನ್ನು ಇನ್ನೊಮ್ಮೆ ನೋಡಿ.