ಹಳೇ ಯಂತ್ರದ ಎಣಿಕೆ

"ಹಲೋ... ಹಲೋ, ಯಾರು ಮಾತಾಡ್ತಿರೋದು? ... ದೊಡ್ಡಮ್ಮ, ನೀವಾ? ನಾನು, ಗಡಿಬಿಡಿ. ರೋಪ್‌ವೇ ಕಂಟ್ರೋಲ್ ರೂಮಿಂದ. ದೊಡ್ಡಪ್ಪಂಗೆ ಫೋನ್ ಕೊಡ್ತೀರಾ? ... ಹೂಂ, ಸ್ವಲ್ಪ ಅರ್ಜೆಂಟು."

ಅವಳಿಗೆ ಗಡಿಬಿಡಿ ಎಂದು ಹೆಸರಿಟ್ಟವರೇ ದೊಡ್ಡಪ್ಪ. ಗುಡ್ಡದ ಮೇಲಕ್ಕೆ ತಂತಿಯಲ್ಲಿ ಡಬ್ಬಿಗಳನ್ನು ಓಡಿಸುವ ಆ ಕೋಣೆಯಲ್ಲಿ ಮೂವತ್ತೊಂದು ವರ್ಷ ಕುಳಿತವರು. ಹೋದ ವರ್ಷ ನಿವೃತ್ತರಾಗುವ ಮುಂಚೆ ಆರು ವಾರ ಅವಳಿಗೆ ಕೆಲಸ ಕಲಿಸಿ, ತಮ್ಮ ನಂಬರನ್ನು ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದುಹೋಗಿದ್ದರು. ರಕ್ತಸಂಬಂಧದಲ್ಲಿ ಅವರು ಅಲ್ಲಿ ಯಾರಿಗೂ ದೊಡ್ಡಪ್ಪನಲ್ಲ. ಆದರೆ ಟಿಕೆಟ್ ಹರಿಯುವವರಿಂದ ಹಿಡಿದು ಮ್ಯಾನೇಜರ್ ತನಕ ಎಲ್ಲರಿಗೂ ದೊಡ್ಡಪ್ಪನೇ. ಅವರು ಆ ಕಡೆ ಏನಂದರೋ ನಮಗೆ ಕೇಳಿಸುವುದಿಲ್ಲ. ಕೇಳಿಸುವುದು ಇವಳ ದನಿ ಮಾತ್ರ.

"ದೊಡ್ಡಪ್ಪ, ಹಳೇ ಕಂಪ್ಯೂಟರ್ ಹೋಯ್ತು... ಹಾಂ, ಬೀರುವಿನೊಳಗಿಂದು. ಎರಡೂ ಹತ್ತಕ್ಕೆ. ಟಪ್ ಅಂತು, ಹೊಗೆ ಬಂತು, ಅಷ್ಟೇ... ಎಲ್ಲಾ ಡಬ್ಬಿನೂ ನಿಂತಿವೆ. ಹತ್ತೊಂಬತ್ತು ಜನ. ಎಲ್ಲರೂ ಹತ್ತೋ ಸಾಲಲ್ಲೇ, ಇಳಿಯೋ ಸಾಲು ಖಾಲಿ... ಡೀಸೆಲ್ ಎಂಜಿನ್ ರಿಪೇರಿಗೆ ಹೋಗಿ ಮೂರು ವಾರ ಆಯ್ತಲ್ಲ... ಹಗ್ಗ ಹಾಕಿ ಇಳಿಸೋರು ಬರೋದು ಐದೂವರೆಗಂತೆ. ನಾಲ್ಕಕ್ಕೆಲ್ಲ ಗಾಳಿ ಏಳುತ್ತೆ, ನಿಮಗೆ ಗೊತ್ತಲ್ವಾ... ಏನು, ಈಗ್ಲೇ ಎದ್ದಿದೆಯಾ? ಎಲ್ಲಿದ್ದೀರಿ ನೀವು? ... ಸರಿ, ಹೊರಗಡೆ. ಸರಿ."

ಗೋಡೆ ಗಡಿಯಾರದಲ್ಲಿ ಮೂರೂ ಇಪ್ಪತ್ತು. ಆ ಕೋಣೆಗೆ ಕಿಟಕಿಯಿಲ್ಲ. ತಂತಿ ಎಳೆಯುವ ಚಕ್ರ ನೆಲದಡಿಯಲ್ಲಿದೆ, ಅದು ತಿರುಗಿದರೆ ಕಾಲಿಗೆ ನಡುಕ ತಿಳಿಯುತ್ತದೆಯೇ ಹೊರತು ಯಾವ ಕಡೆಗೆ ತಿರುಗುತ್ತಿದೆಯೆಂದು ತಿಳಿಯುವುದಿಲ್ಲ. ಅದನ್ನು ಹೇಳುತ್ತಿದ್ದ ಪರದೆಯೂ ಬೀರುವಿನೊಳಗೇ ಸುಟ್ಟುಹೋಗಿತ್ತು. ಉಳಿದಿದ್ದು ಒಂದು ಲ್ಯಾಪ್‌ಟಾಪ್. ಹಳೇ ಯಂತ್ರ ಎಂದಾದರೂ ಕೈಕೊಟ್ಟೀತೆಂದು ಒಬ್ಬ ತಂತ್ರಜ್ಞ ಅದರ ಡಿಸ್ಕನ್ನು ನಕಲು ಮಾಡಿ, ಹೊಸ ಲ್ಯಾಪ್‌ಟಾಪಿಗೆ ಹಳೇ ಕಂಪ್ಯೂಟರಿನ ವೇಷ ಹಾಕಿಸುವ ಎಮ್ಯುಲೇಟರ್ ಎಂಬ ಪ್ರೋಗ್ರಾಂ ಕೂರಿಸಿಹೋಗಿದ್ದ. ಆದರೆ ಯಾವ ವೇಷ ಎಂದು ತುಂಬಬೇಕಾದ ಜಾಗಗಳನ್ನೆಲ್ಲ ಖಾಲಿ ಬಿಟ್ಟಿದ್ದ. ಆಪತ್ತಿಗಾದವನೇ ನೆಂಟ ಅನ್ನುತ್ತಾರೆ. ಆ ನೆಂಟನ ಫೋನು ಸ್ವಿಚ್ ಆಫ್ ಆಗಿತ್ತು.

"ಹಾಂ, ತೆರೆದಿದೆ. ಪ್ರೊಸೆಸರ್ ಯಾವುದು ಅಂತ ಕೇಳ್ತಿದೆ... ಟೂ ಏಟ್ ಸಿಕ್ಸ್? ಇದೆ, ಪಟ್ಟೀಲಿ ಕೊನೇಲಿದೆ. ಹಾಕ್ದೆ... ಮೆಮೊರಿ? ... ಆರುನೂರ ನಲವತ್ತು ಕೆಬಿ. ಅಷ್ಟೇನಾ? ನನ್ನ ಕೈಗಡಿಯಾರದಲ್ಲೇ ಅದಕ್ಕಿಂತ ಜಾಸ್ತಿ ಇರುತ್ತೆ... ಇಲ್ಲ ಇಲ್ಲ, ತಮಾಷೆ ಮಾಡ್ತಿಲ್ಲ, ಹೆದರಿಕೆಗೆ ಏನೇನೋ ಬಾಯಿಗೆ ಬರ್ತಿದೆ."

...

"ಡಿಸ್ಕ್ ನಕಲು ಮೊದಲನೇ ಜಾಗಕ್ಕೆ. ಹಾಕ್ದೆ... ಬ್ರೇಕ್ ಪೆಟ್ಟಿಗೆ ವೈರು ಎರಡನೇ ಪೋರ್ಟಿಗೆ, ಅದು ಸರಿ ಇದೆ... ವೇಗನಾ? ಅದನ್ನ ಫುಲ್ ಇಟ್ಟಿದ್ದೆ. ಅಂದ್ರೆ, ಇಟ್ಟಿದೀನಿ. ಜಾಸ್ತಿ ಇದ್ರೆ ಒಳ್ಳೇದಲ್ವಾ?"

...

"ದೊಡ್ಡಪ್ಪ? ಹಲೋ? ಕಟ್ ಮಾಡಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ."

ಅವಳು ಒಂದು ವಿಷಯ ಮುಚ್ಚಿಟ್ಟಿದ್ದಳು. ಫೋನ್ ಮಾಡುವ ಹತ್ತು ನಿಮಿಷ ಮುಂಚೆ ತನ್ನ ಊಹೆಯ ಮೇಲೆ ಎಲ್ಲ ತುಂಬಿ, ಒಂದು ಸಲ ಓಡಿಸಿ ನೋಡಿದ್ದಳು. ಬ್ರೇಕು ಬಿಟ್ಟುಕೊಂಡಿತ್ತು, ನೆಲ ಗದಗದ ನಡುಗಿತ್ತು, ಅವಳು ಎಲ್ಲವನ್ನೂ ನಿಲ್ಲಿಸುವ ಕೆಂಪು ಗುಂಡಿ ಗುದ್ದಿದ್ದಳು. ಸುಟ್ಟ ರಬ್ಬರಿನ ವಾಸನೆ ಕೋಣೆಯಲ್ಲಿ ಇನ್ನೂ ಇತ್ತು. ಬೈಸಿಕೊಳ್ಳಬೇಕಾಗುತ್ತದೆಂದು ಅದನ್ನು ಹೇಳಿರಲಿಲ್ಲ.

"ಅದಕ್ಕೇ ಒಂದು ಮಾರು ಹಿಂದಕ್ಕೆ ಜಾರಿತು ಅಂತೀರಾ? ... ತಡೀರಿ. ಜಾರಿದ್ದು ನಿಮಗೆ ಹೇಗೆ ಗೊತ್ತು? ನಾನು ಹೇಳೇ ಇಲ್ವಲ್ಲ."

...

"ಯಾವ ಡಬ್ಬಿ?"

...

"ಏಳನೇದು. ದೊಡ್ಡಮ್ಮನೂ ಅಲ್ಲೇ ಇದ್ದಾರಾ? ... ಯಾಕೆ ಮೊದಲೇ ಹೇಳಲಿಲ್ಲ? ... ಹೇಳಿದ್ರೆ ನಾನು ಹೆದರ್ತೀನಿ ಅಂತ. ಈಗೇನು ಧೈರ್ಯವಾಗಿದ್ದೀನಾ ನಾನು?"

ಮೂವತ್ತೊಂದು ವರ್ಷ ಊರಿನವರನ್ನೆಲ್ಲ ಗುಡ್ಡ ಹತ್ತಿಸಿದ ಮನುಷ್ಯ ತನ್ನ ಹೆಂಡತಿಯನ್ನು ಒಂದು ದಿನವೂ ಕರೆದುಕೊಂಡು ಹೋಗಿರಲಿಲ್ಲ. ಕೇಳಿದಾಗಲೆಲ್ಲ ನಾಳೆ ಎನ್ನುತ್ತಿದ್ದರು. ಆ ನಾಳೆ ಇವತ್ತು ಬಂದಿತ್ತು. ಬಿಟ್ಟಿ ಹತ್ತಿದರೆಂದು ಯಾರೂ ಆಡಿಕೊಳ್ಳಬಾರದೆಂದು ಸಾಲಿನಲ್ಲಿ ನಿಂತು ಟಿಕೆಟ್ ತೆಗೆದುಕೊಂಡಿದ್ದರಂತೆ, ಹಾಗಾಗಿ ಅವರು ಬಂದಿರುವುದು ಒಳಗಿದ್ದ ಇವಳಿಗೆ ಗೊತ್ತಾಗಿರಲಿಲ್ಲ.

"ನಾನು ಇನ್ನೊಂದು ಸಲ ಓಡಿಸಲ್ಲ ದೊಡ್ಡಪ್ಪ. ನನ್ನ ಕೈಲಾಗಲ್ಲ. ಐದೂವರೆ ತನಕ ಕಾಯೋಣ... ಎಷ್ಟು ತೂಗಾಡ್ತಿದೆ? ... ಕಂಬಕ್ಕೆ ಬಡಿಯೋಷ್ಟಾ? ... ದೊಡ್ಡಮ್ಮ ಅಳ್ತಿದ್ದಾರಾ? ... ಅಳ್ತಿರೋದು ನೀವಾ?"

...

"ಹೇಳಿ. ಕೇಳಿಸ್ಕೊಳ್ತಿದೀನಿ... ಆ ಹಳೇ ಪ್ರೋಗ್ರಾಂ ಗಡಿಯಾರ ನೋಡಲ್ಲ. ಹಾಂ. ಒಂದು, ಎರಡು, ಮೂರು ಅಂತ ಎಣಿಸುತ್ತೆ. ಅಷ್ಟು ಎಣಿಸಿ ಮುಗಿಸೋ ಹೊತ್ತಿಗೆ ಮೋಟಾರು ತಂತಿ ಹಿಡಿದಿರುತ್ತೆ, ಆಮೇಲೆ ಬ್ರೇಕ್ ಬಿಡುತ್ತೆ... ನಾನು ವೇಗ ಫುಲ್ ಇಟ್ಟಿದ್ದಕ್ಕೆ ಅದು ಓಡೋ ಕುದುರೆ ಹಾಗೆ ಬೇಗ ಎಣಿಸಿಬಿಡ್ತು. ಮೋಟಾರು ಹಿಡಿಯೋ ಮೊದಲೇ ಬ್ರೇಕ್ ಬಿಟ್ಟಿತು. ಅಯ್ಯೋ... ಇನ್ನೊಂದು ಸಲ ಜಾರಿದ್ರೆ? ... ಬ್ರೇಕಿನ ಪಟ್ಟಿ ಹಿಡಿಯಲ್ವಾ? ... ಹಿಡಿದರೂ ಹಿಡೀಬಹುದು. ಅಂದ್ರೆ ನಿಮಗೂ ಗೊತ್ತಿಲ್ಲ."

ಹಳೇ ವೇಗ ಎಷ್ಟೆಂದು ಯಾವ ಕಾಗದದಲ್ಲೂ ಬರೆದಿರಲಿಲ್ಲ. ಆದರೆ ಆ ಯಂತ್ರ ಬೆಳಿಗ್ಗೆ ಏಳುವಾಗ ತನ್ನ ಮೆಮೊರಿಯನ್ನು ಟಿಕ್ ಟಿಕ್ ಎಂದು ಸದ್ದು ಮಾಡುತ್ತಾ ಎಣಿಸಿಕೊಳ್ಳುತ್ತಿತ್ತು. ಆ ಟಿಕ್ ಎಷ್ಟು ಬಿಡುವಿಗೊಂದು ಎಂಬುದು ದೊಡ್ಡಪ್ಪನ ಕಿವಿಯಲ್ಲಿತ್ತು.

"ಬ್ರೇಕ್ ವೈರ್ ಕಿತ್ತೆ, ಹಾಂ, ಈಗ ಏನೇ ಆದ್ರೂ ಬ್ರೇಕ್ ಬಿಡಲ್ಲ. ಲ್ಯಾಪ್‌ಟಾಪ್ ಎಬ್ಬಿಸ್ತೀನಿ, ಕೇಳಿ... ಜೋಳ ಹುರಿದ ಹಾಗಿದೆ ಅಲ್ವಾ? ಇಳಿಸ್ತೀನಿ... ಅದೇನು ಸದ್ದು ಅಲ್ಲಿ? ... ಮನೆ ಕೀಲಿ? ಸರಳಿಗೆ ತಟ್ಟಿ ತೋರಿಸ್ತಿದ್ದೀರಾ? ತಟ್ಟಿ, ತಟ್ಟಿ."

ಅವಳು ವೇಗದ ಅಂಕಿಯನ್ನು ಇಳಿಸುತ್ತಾ ಹೋದಳು. ಎಂಟು ಸಾವಿರ. ಆರು. ಐದು. ಫೋನಿನಲ್ಲಿ ಕೀಲಿಯ ಸದ್ದು, ಲ್ಯಾಪ್‌ಟಾಪಿನಲ್ಲಿ ಟಿಕ್ಕಿನ ಸದ್ದು. ನಾಲ್ಕು ಸಾವಿರದ ಹತ್ತಿರ ಎರಡೂ ಕೂಡಿದವು.

"ಸೇರಿತು ದೊಡ್ಡಪ್ಪ. ವೈರ್ ಹಾಕ್ಲಾ? ... ಏನು? ದೊಡ್ಡಮ್ಮ ಏನೋ ಹೇಳ್ತಿದ್ದಾರೆ ಹಿಂದಿಂದ... ಅವರಿಗೆ ಕೊಡಿ. ಕೊಡಿ ಫೋನು... ಹಾಂ ದೊಡ್ಡಮ್ಮ, ಹೇಳಿ."

...

"ಬೇಗ ಆಯ್ತಾ? ಇಷ್ಟು ಬೇಗ ಅಲ್ವಾ? ನೀವು ಯಾವತ್ತೂ ಈ ಕೋಣೆಗೆ ಬಂದೇ ಇಲ್ಲ, ನಿಮಗೆ ಹೇಗೆ..."

...

"ದಿನಾನಾ?"

ದಿನಾ. ಬೆಳಿಗ್ಗೆ ಕೆಲಸಕ್ಕೆ ಬಂದೊಡನೆ ದೊಡ್ಡಪ್ಪ ಯಂತ್ರದ ಗುಂಡಿ ಒತ್ತಿ, ಅದು ಏಳುವಷ್ಟರಲ್ಲಿ ಮನೆಗೆ ಫೋನ್ ಮಾಡಿ ತಲುಪಿದೆ ಎನ್ನುತ್ತಿದ್ದರು. ತಲುಪಿದೆ ಎಂದ ಮೇಲೆ ಅವರಿಗೆ ಮಾತು ಮುಗಿಯುತ್ತಿತ್ತು. ದೊಡ್ಡಮ್ಮ ಮಾತ್ರ ಅವರ ಹಿಂದಿನ ಆ ಟಿಕ್ ಟಿಕ್ ಮುಗಿಯುವ ತನಕ ಫೋನ್ ಇಡುತ್ತಿರಲಿಲ್ಲ, ಮೂವತ್ತೊಂದು ವರ್ಷ ಬಾಣಲೆಗೆ ಸೌಟು ತಟ್ಟುತ್ತಾ ಕೇಳಿದ್ದರು. ದೊಡ್ಡಪ್ಪನಿಗೆ ಈಗ ಎದೆ ಹೊಡೆದುಕೊಳ್ಳುತ್ತಿತ್ತು, ಅವರು ತಟ್ಟಿದ್ದು ಆ ಎದೆಯ ಓಟವನ್ನು.

"ಕೀಲಿ ನೀವು ತಗೊಳ್ಳಿ ದೊಡ್ಡಮ್ಮ. ನೀವು ತಟ್ಟಿ... ಹಾಂ... ಹಾಂ... ಇಷ್ಟು ನಿಧಾನನಾ? ಇಳಿಸ್ತಿದೀನಿ... ಮೂರು ಸಾವಿರ... ಎರಡೂವರೆ... ಒಂಚೂರು ಮೇಲೆ. ಎರಡು ಸಾವಿರದ ಆರುನೂರು. ಕೇಳಿಸ್ತಿದೆಯಾ? ... ಅದೇನಾ? ... ಇನ್ನೊಂದು ಸಲ ಹೇಳಿ ದೊಡ್ಡಮ್ಮ, ಅದೇನಾ?"

...

"ದೊಡ್ಡಪ್ಪಂಗೆ ಕೊಡಿ. ದೊಡ್ಡಪ್ಪ, ನೀವೂ ಒಪ್ಪಿಕೊಂಡ್ರಾ? ... ಯಾವತ್ತಾದ್ರೂ ಅವರ ಮಾತು ಮೀರಿ ಉದ್ಧಾರವಾಗಿದ್ದೀನಾ ಅಂತೀರಾ. ಸರಿ."

ಬ್ರೇಕಿನ ವೈರನ್ನು ಅವಳು ಮತ್ತೆ ಸಿಕ್ಕಿಸಿದಳು. ಮೂರನೇ ಪ್ರಯತ್ನಕ್ಕೆ ಅದು ಕೂತಿತು.

"ಡಬ್ಬಿ ಎಲ್ಲಿ ನಿಂತಿದೆ? ... ಬಂಡೆ ಸೀಳಿನ ಕೆಳಗೇ? ... ಗೊತ್ತು, ಅದರೊಳಗೆ ಹೋದ್ರೆ ಎಲ್ಲರ ಫೋನೂ ಕಟ್ ಆಗುತ್ತೆ. ಹಾಗಂತ ನೀವೇ ಬೋರ್ಡ್ ಹಾಕಿಸಿದ್ದು... ಹಾಂ. ಹಾಂ. ಮೇಲಕ್ಕೆ ಹೋದ್ರೆ ಫೋನ್ ಕಟ್ ಆಗುತ್ತೆ. ಹಿಂದಕ್ಕೆ ಜಾರಿದ್ರೆ ಕಟ್ ಆಗಲ್ಲ. ಇಪ್ಪತ್ತು ಎಣಿಸೋದ್ರೊಳಗೆ ಕಟ್ ಆಗದೇ ಇದ್ರೆ ಕೆಂಪು ಗುಂಡಿ. ಆಯ್ತು... ಬೆರಳು ಅದರ ಮೇಲೇ ಇಟ್ಟಿದೀನಿ."

...

"ದೊಡ್ಡಪ್ಪ, ಮೊದಲನೇ ಸಲ ಓಡಿಸಿದ್ದನ್ನ ನಾನು ಮುಚ್ಚಿಟ್ಟೆ. ತಪ್ಪಾಯ್ತು... ಆಮೇಲೆ ಬೈತೀರಾ? ಬೈಯಿರಿ. ಕೆಳಗೆ ಬಂದು ಬೈಯಿರಿ. ಓಡಿಸೋ ಗುಂಡಿ ಒತ್ತುತ್ತಿದೀನಿ."

ಒತ್ತಿದಳು. ಲ್ಯಾಪ್‌ಟಾಪು ಟಿಕ್ ಟಿಕ್ ಎಂದು ಎಣಿಸಿತು. ನೆಲದಡಿ ಮೋಟಾರು ಗುರ್ ಎಂದಿತು. ಆಮೇಲೆ ಬ್ರೇಕು ನಿಟ್ಟುಸಿರಿಟ್ಟಿತು. ನೆಲ ನಡುಗತೊಡಗಿತು, ಯಾವ ಕಡೆಗೆಂದು ಅವಳಿಗೆ ತಿಳಿಯಲಿಲ್ಲ.

"ಅಲ್ಲಾಡಿತಾ? ... ಯಾವ ಕಡೆ? ಹೇಳಿ ದೊಡ್ಡಪ್ಪ... ಕಣ್ಣು ಮುಚ್ಚಿಕೊಂಡಿದ್ದೀರಾ? ದೊಡ್ಡಮ್ಮಂಗೆ ಕೊಡಿ, ಅವರು ನೋಡಲಿ... ದೊಡ್ಡಮ್ಮ, ಬಂಡೆ ಕಾಣಿಸ್ತಿದೆಯಾ? ... ಹತ್ತಿರ ಬರ್ತಿದೆಯೋ ದೂರ ಹೋಗ್ತಿದೆಯೋ? ... ಹತ್ತು. ಹನ್ನೊಂದು... ಇನ್ನೂ ಕೇಳಿಸ್ತಿದೆ ನಿಮ್ಮ ದನಿ. ಯಾಕಿನ್ನೂ ಕೇಳಿಸ್ತಿದೆ? ... ಹದಿನಾರು. ಕಟ್ ಆಗಲಿ ದೊಡ್ಡಮ್ಮ, ಕಟ್ ಆಗಲಿ. ಹದಿನೇಳು... ಏನು? ಬಂಡೆ ಮೇಲೆ ಏನಿದೆ? ಹೂವಾ? ಯಾವ ಬಣ್ಣದ್ದು ಅಂದ್ರಿ..."

...

"ಹಲೋ?"

...

"ಹಲೋ, ದೊಡ್ಡಮ್ಮ?"

ಫೋನ್ ಕಟ್ ಆಗಿತ್ತು. ಗಡಿಬಿಡಿ ಕೆಂಪು ಗುಂಡಿಯ ಮೇಲಿಂದ ಬೆರಳು ತೆಗೆದಳು.