ಬೀಡು, ಬಿಡಾರ

ಕೊಡಿಯಾಲ್‌ಬೈಲಿನಲ್ಲಿ ಮನೆಗಳಿಗೆ ಹೆಸರಿನ ಕಲ್ಲು ಕೊರೆಯುವ ಅಂಗಡಿ. ನನಗಿಂತ ಮೊದಲು ಬಂದ ತಾಯಿ, ಮಗ, ಸೊಸೆ ಬೆಂಚಿನಲ್ಲಿ ಕುಳಿತಿದ್ದರು. ಮಗ ಮೊಬೈಲ್ ನೋಡುತ್ತಿದ್ದ.

"‘ಶೋಭಿತ್ ಬೀಡು’ ಅಂತ ಕೊರೆಯಿರಿ," ಎಂದರು ತಾಯಿ. "ಊರಿನಲ್ಲಿ ನಮ್ಮದು ಬೀಡಿನ ಮನೆ."

ಸೊಸೆ ನಕ್ಕಳು. "ಅತ್ತೆ, ಹಳೆಗನ್ನಡದಲ್ಲಿ ಬೀಡು ಅಂದ್ರೆ ದಂಡು ಇಳಿದುಕೊಳ್ಳುವ ಜಾಗ. ನಾನು ಕಾಲೇಜಿನಲ್ಲಿ ಪಾಠ ಮಾಡ್ತೇನಲ್ಲ."

"ಇಳಿದುಕೊಂಡು?"

"ಮತ್ತೆ ಎಂತ, ಎದ್ದು ಹೋಗುವುದು. ಬಿಡಾರವೂ ಅದೇ ಮೂಲದ್ದು. ರಾಜರು ಅಲ್ಲೇ ನೆಲೆ ನಿಂತ ಮೇಲೆ ಬೀಡು ಅರಮನೆ ಆಯ್ತು, ಊರಾಯ್ತು."

"ಅಂದ್ರೆ ನಿಂತವರದ್ದು ಬೀಡು, ಹೋಗುವವರದ್ದು ಬಿಡಾರ."

"ಹಾಗೇ ಹೇಳಬಹುದು ಅತ್ತೆ!" ಅತ್ತೆಗೆ ಅರ್ಥವಾಯಿತೆಂದು ಸೊಸೆಗೆ ಖುಷಿಯೋ ಖುಷಿ.

"ಕೆಳಗೆ ಯಾರ ಹೆಸರು?" ಅಂಗಡಿಯವನು ಕೇಳಿದ.

"ರತ್ನಾವತಿ, ಶೋಭಿತ್. ಅಷ್ಟೇ."

"ನನ್ನದು, ಅತ್ತೆ?"

"ನಮ್ಮದು ಅಳಿಯಕಟ್ಟು, ವಂಶ ತಾಯಿಯ ಕಡೆಯಿಂದ. ಹೆಣ್ಣು ಯಾವಾಗಲೂ ತಾಯಿಮನೆಯವಳೇ. ನಿನ್ನ ಮನೆ ಕುದ್ರೋಳಿಯಲ್ಲಿ ಉಂಟಲ್ಲ."

"ನಾನು ಇರುವುದು ಈ ಮನೆಯಲ್ಲಲ್ವಾ?"

"ಬಿಡಾರ ಹೂಡಿದವರ ಹೆಸರು ಯಾರಾದರೂ ಕಲ್ಲಿನಲ್ಲಿ ಕೊರೆಸ್ತಾರಾ? ಪಾಠ ಮಾಡಿದ್ದು ನೀನೇ."

ಸೊಸೆ ಗಂಡನ ಕಡೆ ತಿರುಗಿದಳು. "ಶೋಭಿತ್, ನೀವಾದರೂ ಹೇಳಿ."

ಅವನು ಮೊಬೈಲಿನಿಂದ ಕಣ್ಣು ತೆಗೆಯಲಿಲ್ಲ. "ಕಲ್ಲು ಸಣ್ಣದುಂಟು ಮಾರಾಯ್ತಿ."

ಅವರು ಆರಿಸಿದ ಕಲ್ಲು ನನ್ನ ಪಕ್ಕದಲ್ಲೇ ಗೋಡೆಗೆ ಒರಗಿತ್ತು. ಅದರ ಮೇಲೆ ಒಂದು ಕುಟುಂಬ ಊಟಕ್ಕೆ ಕೂರಬಹುದಿತ್ತು.

ಮೂವರೂ ಎದ್ದು ಕಾರಿನ ಕಡೆ ಹೋದರು. ತಾಯಿ ಮಗನ ಪಕ್ಕ ಮುಂದೆ ಕುಳಿತರು. ಯಾರೂ ಹೇಳಲಿಲ್ಲ, ಸೊಸೆ ತಾನಾಗಿಯೇ ಹಿಂದಿನ ಬಾಗಿಲು ತೆಗೆದಳು.