ನಳಕ್ಕೆ ಕಟ್ಟಿದ ಅರಿವಿ

ಹಳಿಯಾಳದ ಬಸ್ ನಿಲ್ದಾಣದಲ್ಲಿ ಮುಂಡಗೋಡದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ನಡುವಯಸ್ಸಿನ ಗಂಡ ಹೆಂಡತಿ ದಾಂಡೇಲಿ ಬಸ್ಸಿಗೆ ಕಾಯುತ್ತ ಕೂತಿದ್ದರು. ಆತ ಮಾತು ಶುರುಮಾಡಿದ.

“ಕಸ್ತೂರಿ, ನಾಳೆ ದಾಂಡೇಲಿಗೆ ಹೊಸ ಫಿಲ್ಟರಿನ ನೀರ ಬಿಡತೇವಿ. ಇನ್ನಾರ ನಮ್ಮ ನಳಕ್ಕ ನೀರ ಸೋಸಾಕ ಕಟ್ಟಿದ ಅರಿವಿ ಬಿಚ್ಚು.”

“ಇರ್ಲಿ ಬಿಡ್ರಿ. ನಿಮಗೇನ ಭಾರ ಆಗೇತಿ?”

“ನೀರ ಸೋಸೂ ಪ್ಲಾಂಟಿನ್ಯಾಗ ದುಡಿಯೋನ ಮನ್ಯಾಗ ಮತ್ತ ಸೋಸತಾರ ಅಂತ ನನ್ನ ಜೋಡಿ ದುಡಿಯೋರು ನಗತಾರ.”

“ಮಳಿಗಾಲದಾಗ ಚಹಾದಂಥಾ ನೀರ ಬಿಟ್ಟಾಗ ಅವರಿಗೆ ನಗು ಬರಲಿಲ್ಲೇನು?”

“ಅದು ಹಳೇ ಪ್ಲಾಂಟು. ಸೋಸೂ ಉಸುಕೆಲ್ಲಾ ಕಟ್ಟಿಕೊಂಡಿತ್ತು. ಈಗ ಎಲ್ಲಾ ಹೊಸಾದು ಹಾಕೇವಿ.”



“ಓಣಿ ಹೆಂಗಸರು ನಮ್ಮ ನಳಾನ ನೋಡತಾರ. ನಾ ಬಿಚ್ಚಿದ್ರ ಎಲ್ಲಾರೂ ಬಿಚ್ಚತಾರ. ಆಮ್ಯಾಲೆ ಒಂದ ದಿನ ಕೆಸರ ಬಂದ್ರ ಬೈಗಳ ಯಾರಿಗ್ರಿ?”

ಆತ ಆಕೆಯ ಕಡೆ ತಿರುಗಿ ಕೂತ.

“ನನ್ನ ನಂಬ್ತಿಯೋ ಇಲ್ಲೋ, ಅಷ್ಟ ಹೇಳು.”

“ನಿಮ್ಮನ್ನ ನಂಬತೇನ್ರಿ. ನೀರ ಇನ್ನೂ ನೋಡಿಲ್ಲ.”

“ಹಂಗಾರ ನಾಳೆ ನಿನ್ನ ಮುಂದ ನಾನ ಒಂದ ತಂಬಿಗಿ ಕುಡದ ತೋರಸ್ತೇನಿ.”

“ನೀವು ಬ್ಯಾಡ. ನಿಮ್ಮ ಹೊಟ್ಟಿ ಪ್ಲಾಂಟಿನ ಕಡೆ ಐತಿ. ನಾ ಕುಡೀತೇನಿ.”

“ಅರಿವಿ ಬಿಚ್ಚಿ?”

“ಬಿಚ್ಚೇ. ಬಿಚ್ಚದ ಕುಡದ್ರ ನೀವು ಸಿಟ್ಟ ಬಿಟ್ಟ ರಾತ್ರಿ ಊಟ ಮಾಡ್ತೀರೇನು?”

ದಾಂಡೇಲಿ ಬಸ್ಸು ಬಂತು. ಆಕೆಗೆ ಕಿಟಕಿ ಬದಿಯ ಸೀಟು ಹಿಡಿಯಲು ಆತ ಚೀಲ ಎತ್ತಿಕೊಂಡು ಮುಂದೆ ಓಡಿದ.